ದಿನಬಾಡಿಗೆ ಮನೆ: ಅತಿಥಿಗಳಿಗೆ ನಿಜವಾಗಿ ಖುಷಿ ಕೊಡುವ ಚಿಕ್ಕಪುಟ್ಟ ವಿಷಯಗಳು ಯಾವುವು?

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮೇಲಿನ ಮಹಡಿಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದೇವೆ. ಒಂದು ಬೆಡ್‌ರೂಮ್, ಹಾಲ್, ಚಿಕ್ಕ ಅಡುಗೆಮನೆ. ಇದುವರೆಗೆ ಯಾರೂ ದೂರು ಹೇಳಿಲ್ಲ. ಹಾಗಂತ ಹೊಗಳಿದವರೂ ಇಲ್ಲ. ರಿವ್ಯೂ ಅಂದರೆ ‘ಕ್ಲೀನ್ ಇದೆ, ಪರವಾಗಿಲ್ಲ’ ಅಷ್ಟೇ. ಓದಿದರೆ ಒಂಥರಾ ಸಪ್ಪೆ ಅನ್ನಿಸುತ್ತದೆ.

ಒಂದು ಬುಟ್ಟಿಯಲ್ಲಿ ಸೆಂಟ್ ಹಾಕಿದ ಮೇಣದಬತ್ತಿ, ಬಣ್ಣದ ಸೋಪು, ಪ್ಲಾಸ್ಟಿಕ್ ಹೂವು ಎಲ್ಲ ಜೋಡಿಸಿ ಇಟ್ಟು ನೋಡಿದೆ. ಅರ್ಧದಷ್ಟು ಜನ ಮುಟ್ಟುವುದೇ ಇಲ್ಲ. ನಮ್ಮ ಯಜಮಾನರು ‘ಇದೆಲ್ಲ ಬಿಡು, ದೊಡ್ಡ ಟಿವಿ ಹಾಕೋಣ’ ಅನ್ನುತ್ತಾರೆ. ಟಿವಿಗೆ ದುಡ್ಡು ಹಾಕುವ ಮೊದಲು ನಿಮ್ಮನ್ನು ಕೇಳೋಣ ಅಂದುಕೊಂಡೆ. ಬಂದವರು ‘ಅರೆ, ಇದನ್ನೂ ಯೋಚಿಸಿದ್ದಾರಲ್ಲ’ ಅನ್ನುವಂಥದ್ದು ಏನಿಡಬಹುದು?

ಬೀಗದಕೈ:

ಬುಟ್ಟಿ ಬಿಡಿ ಮೇಡಂ, ಊಟಕ್ಕಿಲ್ಲದ ಉಪ್ಪಿನಕಾಯಿ ಅದು. ಟಿವಿಯೂ ಸದ್ಯಕ್ಕೆ ಬೇಡ.

ನಾನು ಮನೆ ಬಾಡಿಗೆಗೆ ಕೊಡುವ ಮೊದಲು ಹೋಟೆಲ್ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವಳು. ಎಲ್ಲರೂ ಮಲಗುವ ಹೊತ್ತಿಗೆ ರೂಮುಗಳಿಂದ ಫೋನ್ ಶುರುವಾಗುತ್ತಿತ್ತು. ಇನ್ನೊಂದು ದಿಂಬು ಕಳಿಸಿ. ಚಾರ್ಜರ್ ಮರೆತು ಬಂದಿದ್ದೇನೆ. ಬಿಸಿನೀರು ಯಾವ ಕಡೆ ತಿರುಗಿಸಿದರೆ ಬರುತ್ತದೆ? ಕತ್ತರಿ ಇದೆಯಾ? ಈ ರಿಮೋಟ್ ಕೆಲಸ ಮಾಡುತ್ತಿಲ್ಲ. ಇಷ್ಟೇ, ದಿನಾ ಇವೇ. ರೂಮಿನಲ್ಲಿ ಹೂವಿಲ್ಲ ಅಂತ ಒಬ್ಬರೂ ಫೋನ್ ಮಾಡಲಿಲ್ಲ. ಅಲ್ಲಿಂದಲೇ ನನ್ನ ಲೆಕ್ಕ ಹುಟ್ಟಿದ್ದು: ಅತಿಥಿ ರಾತ್ರಿ ಯಾವುದಕ್ಕೆ ಫೋನ್ ಮಾಡಬಹುದೋ, ಅದು ಮೊದಲೇ ಅವರ ಕಣ್ಣಿಗೆ ಬೀಳಬೇಕು.

ಒಂದು ರಾತ್ರಿ ನೀವೇ ಆ ಮಹಡಿಯಲ್ಲಿ ಮಲಗಿ. ಬ್ಯಾಗ್ ತೆಗೆದುಕೊಂಡು ಹೋಗಿ, ಕೆಳಗಿನ ಮನೆಯಿಂದ ಏನೂ ತರಿಸಿಕೊಳ್ಳಬೇಡಿ. ಲೈಟ್ ಆರಿಸಲು ಎದ್ದು ಬಾಗಿಲವರೆಗೆ ಹೋಗಬೇಕಾ? ಚಾರ್ಜಿಗೆ ಹಾಕಿದ ಫೋನ್ ಮಲಗಿದಲ್ಲಿಂದ ಕೈಗೆ ಸಿಗುತ್ತದಾ? ಕನ್ನಡಕ, ನೀರಿನ ಲೋಟ ಎಲ್ಲಿಡುತ್ತೀರಿ? ಇಬ್ಬರು ಮಲಗುವ ಹಾಸಿಗೆಯಾದರೆ ಇದೆಲ್ಲ ಎರಡೂ ಕಡೆ ಬೇಕು. ಒಂದೇ ಕಡೆ ಪ್ಲಗ್ ಇದ್ದರೆ ಇನ್ನೊಂದು ಕಡೆ ಮಲಗಿದವರು ಫೋನನ್ನು ನೆಲದ ಮೇಲಿಟ್ಟು ಮಲಗುತ್ತಾರೆ, ಬೆಳಿಗ್ಗೆ ಅದನ್ನೇ ತುಳಿಯುತ್ತಾರೆ.

ಬಲ್ಬ್ ನೋಡಿ. ಎಷ್ಟೋ ಮನೆಗಳಲ್ಲಿ ಬೆಡ್‌ರೂಮಿಗೂ 6500 ಕೆಲ್ವಿನ್‌ನ ಬಿಳಿ ಬೆಳಕು ಹಾಕಿರುತ್ತಾರೆ. ಮಲಗುವ ಹೊತ್ತಿಗೆ ಅದು ಕಣ್ಣಿಗೆ ಚುಚ್ಚುತ್ತದೆ. ಡಬ್ಬಿಯ ಮೇಲೆ 2700 ಅಂತಿರುವುದನ್ನು ತನ್ನಿ, ಹಳದಿ ಛಾಯೆಯ ಹಿತವಾದ ಬೆಳಕು ಬರುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲದ ಹತ್ತಿರ ಒಂದು ಸೆನ್ಸರ್ ನೈಟ್‌ಲ್ಯಾಂಪ್ ಹಾಕಿ. ಹೊಸ ಮನೆಯಲ್ಲಿ ರಾತ್ರಿ ಎದ್ದವರು ಗೋಡೆ ತಡಕಾಡುವುದು ತಪ್ಪುತ್ತದೆ. ನನ್ನ ಮನೆಯ ರಿವ್ಯೂಗಳಲ್ಲಿ ಜಾಸ್ತಿ ಹೊಗಳಿಸಿಕೊಂಡದ್ದು ಈ ಪುಟ್ಟ ದೀಪವೇ. ಸೋಫಾ ಸೆಟ್ ಬಗ್ಗೆ ಯಾರೂ ಒಂದು ಮಾತು ಬರೆದಿಲ್ಲ. (ಸೋಫಾ ಆರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.)

ದಿಂಬು ಒಂದು ಮೆತ್ತಗಿರಲಿ, ಒಂದು ಗಟ್ಟಿಯಾಗಿರಲಿ. ಹೆಚ್ಚಿನ ಹೊದಿಕೆಯನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ಬೇರೆಯವರ ಮನೆಯ ಬೀರು ತೆಗೆಯಲು ಜನ ಹಿಂಜರಿಯುತ್ತಾರೆ, ಚಳಿಯಲ್ಲೇ ಮಲಗಿ ಹೋಗುತ್ತಾರೆ.

ವೈಫೈ ಪಾಸ್‌ವರ್ಡ್ ಬರೆದಿಡುವುದರ ಜೊತೆಗೆ ಕ್ಯೂಆರ್ ಕೋಡ್ ಮಾಡಿ ಅಂಟಿಸಿ. ಐಒಎಸ್ 11 ಮತ್ತು ಆಂಡ್ರಾಯ್ಡ್ 10ರಿಂದ ಈಚೆಗೆ ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ, ಫೋನ್ ತೋರಿಸಿದರೆ ಸಾಕು. ಬೆಡ್‌ರೂಮ್‌ನಲ್ಲಿ ಸಿಗ್ನಲ್ ಕಡಿಮೆ ಅನ್ನಿಸಿದರೆ ವೈಫೈ ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಆನ್ ಇದೆಯಾ ನೋಡಿ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ.

ಸೆಂಟ್ ಹಾಕಿದ ಮೇಣದಬತ್ತಿ ದಯವಿಟ್ಟು ತೆಗೆದುಬಿಡಿ. ಗಾಢವಾದ ವಾಸನೆಗೆ ಕೆಲವರಿಗೆ ಮೈಗ್ರೇನ್ ಬರುತ್ತದೆ, ಆಸ್ತಮಾ ಇದ್ದವರಿಗೆ ಉಸಿರು ಕಟ್ಟುತ್ತದೆ. ಅತಿಥಿಗಳು ಬರುವ ಮೊದಲು ಕಿಟಕಿ ತೆರೆದಿಟ್ಟರೆ ಬೇಕಾದಷ್ಟಾಯಿತು.

ಸೂಟ್‌ಕೇಸ್ ಸವಾರ:

ನಾನು ಆಚೆ ಬದಿಯವನು, ಕೆಲಸದ ಮೇಲೆ ಇಂಥ ಮನೆಗಳಲ್ಲೇ ಉಳಿಯುತ್ತೇನೆ. ಬೀಗದಕೈ ಅವರು ಹೇಳಿದ್ದಕ್ಕೆ ಪೂರ್ತಿ ಸಹಮತ. ಜೊತೆಗೆ ಒಂದೆರಡು ಸೇರಿಸುತ್ತೇನೆ.

ಕೊಕ್ಕೆ! ಬಚ್ಚಲಲ್ಲಿ ಬಟ್ಟೆ ನೇತುಹಾಕಲು, ಬಾಗಿಲ ಹಿಂದೆ ಜಾಕೆಟ್ ಹಾಕಲು ಒಂದು ಕೊಕ್ಕೆ ಇಲ್ಲದ ಮನೆಗಳು ಎಷ್ಟಿವೆ ಗೊತ್ತಾ? ಗೋಡೆ ಮೇಲೆ ಪೇಂಟಿಂಗ್ ಇರುತ್ತದೆ, ಒದ್ದೆ ಟವೆಲ್‌ಗೆ ಜಾಗವಿಲ್ಲ. ಹಾಗೆಯೇ ಸೂಟ್‌ಕೇಸ್ ತೆರೆದಿಡಲು ಮೊಣಕಾಲೆತ್ತರದ ಬೆಂಚೋ ಸ್ಟೂಲೋ ಏನಾದರೂ ಬೇಕು. ಇಲ್ಲದಿದ್ದರೆ ಗಾಲಿಗೆ ಮೆತ್ತಿದ ರಸ್ತೆ ಮಣ್ಣು ಸೀದಾ ನಿಮ್ಮ ಹಾಸಿಗೆ ಮೇಲೆಯೇ.

ಅಡುಗೆಮನೆಯಲ್ಲಿ ಒಂದು ಹರಿತವಾದ ಚಾಕು ಇಡಿ. ಹತ್ತು ಮೊಂಡು ಚಾಕುಗಳ ಸ್ಟ್ಯಾಂಡ್ ಬೇಡ.

ಇನ್ನೊಂದು ಸೂಕ್ಷ್ಮ ವಿಷಯ. ಒಂದು ಮನೆಯಲ್ಲಿ ಲೈಟ್ ಆರಿಸಿ ಮಲಗಿದೆ. ಛಾವಣಿಯಲ್ಲಿ ಒಂದು ಕೆಂಪು ಚುಕ್ಕೆ. ಸ್ವಲ್ಪ ಹೊತ್ತಿಗೊಮ್ಮೆ ಮಿನುಗುತ್ತದೆ, ಮಾಯವಾಗುತ್ತದೆ. ಕ್ಯಾಮೆರಾ ಇರಬಹುದಾ ಅಂತ ತಲೆಗೆ ಹುಳ ಬಿಟ್ಟ ಹಾಗಾಯಿತು. ಕುರ್ಚಿ ಹತ್ತಿ ನೋಡಿದರೆ ಹೊಗೆ ಅಲಾರಂ! ಒಳ್ಳೆಯದೇ, ಇರಬೇಕಾದ್ದೇ. ಆದರೆ ‘ಬೆಡ್‌ರೂಮಿನಲ್ಲಿ ಮಿನುಗುವುದು ಹೊಗೆ ಅಲಾರಂನ ದೀಪ, ಮನೆಯೊಳಗೆ ಎಲ್ಲೂ ಕ್ಯಾಮೆರಾ ಇಲ್ಲ’ ಅಂತ ಒಂದು ಸಾಲು ಬರೆದಿಟ್ಟಿದ್ದರೆ ನಾನು ಕುರ್ಚಿ ಹತ್ತುತ್ತಿರಲಿಲ್ಲ. ಇಂಥ ಮನೆಗಳನ್ನು ಬುಕ್ ಮಾಡುವ ತಾಣ ಏರ್‌ಬಿಎನ್‌ಬಿ ಅಂತೂ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಜಗತ್ತಿನಾದ್ಯಂತ ನಿಷೇಧಿಸಿದೆ. ಅದಕ್ಕೂ ಮೊದಲು ಹಾಲ್‌ನಂಥ ಜಾಗದಲ್ಲಿ ಮುಂಚೆಯೇ ತಿಳಿಸಿ ಇಡಬಹುದಿತ್ತು. ಬಾಗಿಲ ಹೊರಗೆ ಕ್ಯಾಮೆರಾ ಇದ್ದರೆ ಅದನ್ನೂ ಹೇಳಿಬಿಡಿ.

ನೋಟಿಸ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಫ್ರಿಜ್ ಮೇಲೆ, ಕನ್ನಡಿ ಮೇಲೆ, ಕಮೋಡ್ ಮೇಲೆ ‘ಅದು ಮಾಡಬೇಡಿ, ಇದು ಮುಟ್ಟಬೇಡಿ’ ಅಂತ ಅಂಟಿಸಿದ ಮನೆಯಲ್ಲಿದ್ದೆ. ದುಡ್ಡು ಕೊಟ್ಟು ಹಾಸ್ಟೆಲ್ ಸೇರಿದ ಹಾಗಿತ್ತು.

ಒಗೆದ ಬಟ್ಟೆ:

ನಾನು ಇಂಥ ಮನೆಗಳ ಕ್ಲೀನಿಂಗ್, ಲಾಂಡ್ರಿ ನೋಡಿಕೊಳ್ಳುವವಳು. ಟವೆಲ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟವೆಲ್ ಮೆತ್ತಗಿರಲಿ ಅಂತ ಫ್ಯಾಬ್ರಿಕ್ ಸಾಫ್ಟ್‌ನರ್ ಸುರಿಯಬೇಡಿ. ಅದು ನೂಲಿನ ಮೇಲೆ ಪದರದ ಹಾಗೆ ಕೂರುತ್ತದೆ, ಆಮೇಲೆ ಟವೆಲ್ ನೀರು ಹೀರುವುದಿಲ್ಲ. ಮೈ ಒರೆಸಿಕೊಂಡರೆ ನೀರು ಸುಮ್ನೆ ಅತ್ತಿಂದಿತ್ತ ಹರಿದಾಡುತ್ತದೆ. ದೊಡ್ಡ ಟವೆಲ್ ಬಿಳಿಯದೇ ಇರಲಿ. ಬಣ್ಣದ್ದನ್ನು ಇಟ್ಟರೆ, ಮೊಡವೆ ಕ್ರೀಮ್‌ನಲ್ಲಿರುವ ಬೆಂಜಾಯ್ಲ್ ಪೆರಾಕ್ಸೈಡ್ ತಗುಲಿದ ಕಡೆಯೆಲ್ಲ ಬಣ್ಣ ಹೋಗಿ ಮಚ್ಚೆ ಮಚ್ಚೆಯಾಗುತ್ತದೆ. ಎಷ್ಟು ಒಗೆದರೂ ಬಣ್ಣ ವಾಪಸ್ ಬರುವುದಿಲ್ಲ. ಆದರೆ ಮೇಕಪ್ ಒರೆಸಲು ಒಂದು ಚಿಕ್ಕ ಕಪ್ಪು ಟವೆಲ್ ಬೇರೆಯಾಗಿ ಇಡಿ, ಮೇಲೆ ‘ಮೇಕಪ್‌ಗೆ’ ಅಂತ ಚೀಟಿ ಕಟ್ಟಿ. ಹೆಣ್ಣುಮಕ್ಕಳು ಇದಕ್ಕೆ ಎಷ್ಟು ಖುಷಿಪಡುತ್ತಾರೆ ಅಂದರೆ ನಂಬಲಿಕ್ಕಿಲ್ಲ. ಕಾಡಿಗೆ ಬಿಳಿ ಟವೆಲ್‌ಗೆ ಹತ್ತಿತೇನೋ ಅನ್ನುವ ಮುಜುಗರ ಅವರಿಗಿಲ್ಲ, ತಿಕ್ಕುವ ಕೆಲಸ ನನಗಿಲ್ಲ.

ಹಾಸು, ದಿಂಬಿನ ಕವರ್‌ಗಳನ್ನು 60 ಡಿಗ್ರಿಯಲ್ಲಿ ಒಗೆಯಿರಿ, ಧೂಳಿನ ನುಸಿ ಸಾಯುತ್ತದೆ. ಕಣ್ಣಿಗೆ ಕಾಣದ್ದು, ಆದರೆ ಅಲರ್ಜಿ ಇದ್ದವರು ಬೆಳಿಗ್ಗೆ ಸೀನದೆ ಏಳುತ್ತಾರೆ.

ಮಹಡಿಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿವಿ ಪ್ಲ್ಯಾನ್ ಕೈಬಿಟ್ಟಾಯಿತು, ಯಜಮಾನರು ಕೊಕ್ಕೆ ತರಲು ಒಪ್ಪಿದ್ದಾರೆ. ಎರಡು ಅನುಮಾನ. ಅತಿಥಿ ಬಂದಾಗ ನಾನು ಮೇಲೆ ಹೋಗಿ ಮಾತಾಡಿಸಬೇಕಾ, ಸುಮ್ಮನಿರಬೇಕಾ? ಮತ್ತೆ, ಹೊರಡುವಾಗ ಏನೆಲ್ಲ ಮಾಡಿ ಹೋಗಬೇಕು ಅಂತ ಒಂದು ಪಟ್ಟಿ ಇಟ್ಟಿದ್ದೇನೆ: ಪಾತ್ರೆ ತೊಳೆಯುವುದು, ಹಾಸು ತೆಗೆದು ಬುಟ್ಟಿಗೆ ಹಾಕುವುದು, ಕಸ ಕೆಳಗೆ ತರುವುದು. ಅದು ಇರಲಿ ಅಲ್ವಾ?

ಬೀಗದಕೈ:

ಮಾತಾಡಿಸುವುದು ಅವರ ಮುಖ ನೋಡಿ. ದಣಿದು ಬಂದವರಿಗೆ ಮನೆ ತೋರಿಸುವ ಟೂರ್ ಬೇಡ. ಬಾಗಿಲಲ್ಲಿ ಹೆಸರು ಹಿಡಿದು ಕರೆದು, ಬಿಸಿನೀರಿನ ಸ್ವಿಚ್ ಒಂದು ತೋರಿಸಿ, ‘ಏನಾದರೂ ಬೇಕಾದರೆ ಕೆಳಗೇ ಇರ್ತೀವಿ’ ಅಂತ ಹೇಳಿ ಇಳಿದುಬಿಡಿ. ಉಳಿದದ್ದು ಒಂದು ಹಾಳೆಯಲ್ಲಿರಲಿ. ಆ ಹಾಳೆಯ ಮೇಲ್ಗಡೆ ಅವರ ಹೆಸರನ್ನು ಕೈಯಲ್ಲೇ ಬರೆಯಿರಿ, ಸ್ಪೆಲ್ಲಿಂಗ್ ಬುಕಿಂಗ್‌ನಲ್ಲಿ ಇದ್ದ ಹಾಗೆಯೇ ಇರಲಿ. ಜೊತೆಗೆ ಮಗು ಬರುತ್ತಿದೆ ಅಂತ ಗೊತ್ತಾದರೆ ಮಗುವಿನ ಹೆಸರು ಕೇಳಿ ಅದನ್ನೂ ಬರೆಯಿರಿ. ಹಾಳೆಯನ್ನು ಮಗುವೇ ಎತ್ತಿಕೊಂಡು ಹೋಗುತ್ತದೆ, ಇನ್ನೊಂದು ಪ್ರಿಂಟ್ ತೆಗೆದಿಟ್ಟಿರಿ.

ಪಟ್ಟಿ ಮಾತ್ರ ಹರಿದು ಹಾಕಿ. ಅವರಿಂದ ಕ್ಲೀನಿಂಗ್‌ಗೆ ದುಡ್ಡು ತೆಗೆದುಕೊಂಡು ಅವರ ಕೈಯಲ್ಲೇ ಹಾಸು ಬಿಚ್ಚಿಸಿದರೆ ರಿವ್ಯೂ ಬರೆಯುವ ಹೊತ್ತಿಗೆ ಅದೇ ನೆನಪಿನಲ್ಲಿರುತ್ತದೆ. ಇದು ನನ್ನ ಊಹೆಯಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರ ಕೈಯನ್ನು ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡ್, ಅದಾದ ಮೇಲೆ ಇನ್ನೂ 30 ಸೆಕೆಂಡ್, ಆ ಹೊತ್ತಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದು ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಕೊನೆ ಸ್ವಲ್ಪ ಹಿತವಾಗಿದ್ದಕ್ಕೆ ಒಟ್ಟು ನೋವು ಜಾಸ್ತಿಯಾದದ್ದೂ ಲೆಕ್ಕಕ್ಕೆ ಬರಲಿಲ್ಲ.

ಕೀ ಎಲ್ಲಿಡಬೇಕು, ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು, ಇವೆರಡು ಹೇಳಿ ಸಾಕು. ಕಸ ಪಾತ್ರೆ ನೀವು ನೋಡಿಕೊಳ್ಳಿ. ಅವರ ಗಾಡಿ ಸಂಜೆಗಿದ್ದರೆ ಬ್ಯಾಗ್‌ಗಳನ್ನು ಅಲ್ಲಿಯವರೆಗೆ ಕೆಳಗೆ ಇಟ್ಟುಹೋಗಬಹುದು ಅಂತ ಹಿಂದಿನ ದಿನವೇ ಒಂದು ಮೆಸೇಜ್ ಹಾಕಿ. ಕೇಳಲು ಸಂಕೋಚಪಟ್ಟು, ಬ್ಯಾಗ್ ಎಳೆದುಕೊಂಡು ಬಿಸಿಲಲ್ಲಿ ಅಲೆಯುವವರೇ ಜಾಸ್ತಿ.