ಎಣ್ಣೆ ಬಿಟ್ಟು ಐದು ತಿಂಗಳಾಯ್ತು, ಸಂಜೆ ಏಳರಿಂದ ಒಂಬತ್ತು ಏನು ಮಾಡಲಿ?

ವೈಂಡಿಂಗ್‌ವಾಲಾ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ವಯಸ್ಸು 43. ಗೋಕುಲ ರಸ್ತೆ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಹದಿನೆಂಟು ವರ್ಷ ಕುಡಿದೆ. ಮೊದಲು ಶನಿವಾರ ಮಾತ್ರ ಇತ್ತು, ಆಮೇಲೆ ದಿನಾ ಒಂದು ಕ್ವಾರ್ಟರ್, ಕಡೆಕಡೆಗೆ ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ. ನಮ್ಮ ಕಡೆ ಗೊತ್ತಲ್ಲ, ಶ್ರಾವಣ ಬಂತಂದ್ರೆ ಎಷ್ಟೋ ಮಂದಿ ಒಂದು ತಿಂಗಳು ಮುಟ್ಟುವುದಿಲ್ಲ, ಗಣಪತಿ ಕಳಿಸಿದ ಮೇಲೆ ಬಾಕಿ ಎಲ್ಲಾ ಸೇರಿಸಿ ಕುಡಿಯುತ್ತಾರೆ. ನಾನೂ ಹತ್ತು ವರ್ಷ ಅದನ್ನೇ ಮಾಡಿದ್ದೇನೆ. ಈ ಸಲ ಗಣಪತಿ ಹೋದ, ದಸರಾ ಹೋಯ್ತು, ದೀಪಾವಳಿನೂ ಹೋಯ್ತು, ಇನ್ನೂ ಮುಟ್ಟಿಲ್ಲ. ಮೊದಲ ಮೂರು ದಿನ ಕೈ ನಡುಗಿ ಚಹಾದ ಕಪ್ಪು ಹಿಡಿಯಲಿಕ್ಕೆ ಆಗಲಿಲ್ಲ, ಬೆವರು ಬೇರೆ. ಹೆಂಗೋ ದಾಟಿತು.

ಈಗ ತೊಂದರೆ ಸಂಜೆಯದು. ಏಳಕ್ಕೆ ಶಟರ್ ಎಳೆದ ಕೂಡಲೇ ಕಾಲು ತಾನೇ ಆ ಕಡೆ ತಿರುಗುತ್ತದೆ. ಗೆಳೆಯರು ಅಲ್ಲೇ ಕೂತಿರುತ್ತಾರೆ. ಕೆಟ್ಟವರಲ್ಲ, ನನ್ನ ಮಗಳ ಆಪರೇಷನ್‌ಗೆ ರಕ್ತ ಕೊಟ್ಟವರು. ಮನೆಗೆ ಬೇಗ ಹೋದರೆ ಹೆಂಡತಿ ನನ್ನ ಮುಖವನ್ನೇ ನೋಡುತ್ತಾಳೆ. ಮಗಳು ಓದುತ್ತಿರುತ್ತಾಳೆ, ಟಿವಿ ಹಚ್ಚುವ ಹಾಗಿಲ್ಲ. ಮೊಬೈಲ್ ತಿಕ್ಕುತ್ತಾ ಕೂತರೆ ತಲೆ ಇನ್ನೂ ಕೆಡುತ್ತದೆ. ಭಾನುವಾರ ಮಧ್ಯಾಹ್ನ ಇನ್ನೂ ಕಷ್ಟ. ಸಾವಜಿ ಊಟ ಅಂದ್ರೆ ಜೊತೆಗೆ ಅದು ಇರಲೇಬೇಕು ಅಂತ ನಾಲಿಗೆ ಕಲಿತುಬಿಟ್ಟಿದೆ.

ಯೋಗ ಮಾಡಿ, ಪುಸ್ತಕ ಓದಿ, ಹವ್ಯಾಸ ಬೆಳೆಸಿಕೊಳ್ಳಿ ಅನ್ನಬೇಡಿ ದಯವಿಟ್ಟು, ಎಲ್ಲರೂ ಅದನ್ನೇ ಹೇಳಿದರು. ನಿಜವಾಗಿ ಬಿಟ್ಟವರು ಸಂಜೆ ಏನು ಮಾಡುತ್ತೀರಿ?

ಗದಗಿನವ

ತಮ್ಮಾ, ನಾನು ಬಿಟ್ಟು ಈಗ ಒಂಬತ್ತು ವರ್ಷ. ಮೊದಲು ಸಣ್ಣ ವಿಷಯ ಕೇಳುತ್ತೇನೆ: ಆರು ಗಂಟೆಗೆ ಏನು ತಿನ್ನುತ್ತೀ? ನನಗೆ ಎರಡು ವರ್ಷ ತಿಳಿದಿರಲಿಲ್ಲ, ನನ್ನ ತಲಬಿನಲ್ಲಿ ಅರ್ಧ ಬರೀ ಹಸಿವು ಅಂತ. ಮಧ್ಯಾಹ್ನ ಒಂದಕ್ಕೆ ರೊಟ್ಟಿ ತಿಂದವನು ಏಳರ ತನಕ ಚಹಾದ ಮೇಲೆ ಇದ್ದರೆ ಹೊಟ್ಟೆ ಏನು ಕೇಳುತ್ತದೆ? ಆರಕ್ಕೇ ಒಂದು ಪ್ಲೇಟ್ ಗಿರ್ಮಿಟ್ ಹೊಡಿ, ಜೊತೆಗೆ ಎರಡು ಮಿರ್ಚಿ. ಹೊಟ್ಟೆ ತುಂಬಿದವನಿಗೆ ತಲಬು ಬಂದರೂ ಜೋರು ಕಡಿಮೆ. ಬಂದದ್ದು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಅರ್ಧ ತಾಸು ತಳ್ಳಿದರೆ ಇಳಿಯುತ್ತದೆ.

ಇನ್ನು ಸಂಜೆ. ನಾನು ಭಜನಾ ಮೇಳಕ್ಕೆ ಸೇರಿದೆ. ನಗಬೇಡ, ನಾನು ಆಗಲೂ ದೊಡ್ಡ ಭಕ್ತನಲ್ಲ, ಈಗಲೂ ಅಲ್ಲ. ನಮ್ಮ ಓಣಿಯ ಗುಡಿಯಲ್ಲಿ ತಾಳ ಹೊಡೆಯುವವನು ಬೆಂಗಳೂರಿಗೆ ಹೋಗಿದ್ದ, ಒಬ್ಬ ಬೇಕಾಗಿದ್ದ, ಅಷ್ಟೇ. ಮೊದಲ ತಿಂಗಳು ತಾಳ ತಪ್ಪಿಸಿ ಬೈಸಿಕೊಂಡೆ. ಆದರೆ ಎರಡು ತಾಸು ಕೈಗೂ ಕೆಲಸ, ಬಾಯಿಗೂ ಕೆಲಸ. ತತ್ವಪದ ಹಾಡುತ್ತಾ ಇರುವಾಗ ಕುಡಿಯಲಿಕ್ಕೆ ಬಾಯಿ ಖಾಲಿ ಇರುವುದಿಲ್ಲ ನೋಡು. ಅದಕ್ಕಿಂತ ಮುಖ್ಯ, ಏಳೂವರೆಗೆ ನಾನು ಕಾಣದಿದ್ದರೆ ಹಾರ್ಮೋನಿಯಂ ಕಾಕಾ ಫೋನ್ ಮಾಡುತ್ತಿದ್ದರು. 'ಎಲ್ಲಿದೀ?' ಒಂದೇ ಮಾತು. ಎರಡು ಸಲ ಬಾರ್ ಮುಂದೆ ನಿಂತಾಗಲೇ ಆ ಫೋನ್ ಬಂದಿದೆ.

ವಾಕಿಂಗ್, ಓದು ಎಲ್ಲಾ ಒಳ್ಳೆಯದೇ. ಆದರೆ ನೀನು ವಾಕಿಂಗ್‌ಗೆ ಹೋಗದಿದ್ದರೆ ಉಣಕಲ್ ಕೆರೆ ಫೋನ್ ಮಾಡುವುದಿಲ್ಲ. ನೀನು ಬರದಿದ್ದರೆ ಯಾರಿಗಾದರೂ ತೊಂದರೆ ಆಗಬೇಕು. ಅಂಥ ಕೆಲಸ ಹುಡುಕು.

ಪ್ಲಾಟ್‌ಫಾರ್ಮ್ 8

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ವಯಸ್ಸು 31, ಎರಡು ಸಲ ಬಿಟ್ಟವನು. ಮೊದಲ ಸಲ ಬೆಳಿಗ್ಗೆ ಐದಕ್ಕೆ ಎದ್ದು ನೃಪತುಂಗ ಬೆಟ್ಟಕ್ಕೆ ಓಡುತ್ತಿದ್ದೆ. ಹೊಸ ಶೂ, ಕೈಗೆ ವಾಚು, ದಿನಾ ಸ್ಟೇಟಸ್. ಎರಡು ತಿಂಗಳಿಗೆ ಮಂಡಿ ಹೋಯ್ತು. ಡಾಕ್ಟರ್ ಮೂರು ವಾರ ಓಡಬೇಡ ಅಂದರು, ನಾನು ನಾಲ್ಕನೇ ದಿನಕ್ಕೆ ಕುಡಿದೆ. ಎಲ್ಲಾ ಭಾರ ಒಂದೇ ಗೂಟಕ್ಕೆ ಕಟ್ಟಿದ್ದೆ, ಗೂಟ ಕಿತ್ತು ಬಂತು. ಹಾಗಾಗಿ ಭಜನೆ ಇರಲಿ ಏನೇ ಇರಲಿ, ಅದು ಇಲ್ಲದ ದಿನಕ್ಕೆ ಇನ್ನೊಂದು ಇಟ್ಟುಕೊಳ್ಳಿ.

ನನ್ನ 'ಇನ್ನೊಂದು' ಕೇಳಿದರೆ ನಗುತ್ತೀರಿ. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ನಮ್ಮ ಹುಬ್ಬಳ್ಳಿ ಸ್ಟೇಷನ್ ಒಳಗೆ ಹೋಗುತ್ತೇನೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅಂತ 2023ರಲ್ಲಿ ಉದ್ಘಾಟನೆ ಆಯ್ತಲ್ಲ, 1,507 ಮೀಟರ್. ಒಮ್ಮೆ ಹೋಗಿ ಬಂದರೆ ಮೂರು ಕಿಲೋಮೀಟರ್. ಮಳೆ ಬಂದರೆ ಮೇಲೆ ಸೂರು ಇದ್ದ ಕಡೆ ನಿಲ್ಲಬಹುದು. ಚಹಾ ಸಿಗುತ್ತದೆ, ಎಣ್ಣೆ ಸಿಗುವುದಿಲ್ಲ. ಟಿಕೆಟ್ ಎರಡು ತಾಸು ನಡೆಯುತ್ತದೆ, ನಿಮಗೆ ಬೇಕಾದದ್ದೂ ಅಷ್ಟೇ ಹೊತ್ತು.

ಎಎ, ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಸಂಘದ ಸಭೆಗೂ ಹೋದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದಂತೆ, ಒಬ್ಬ ಷೇರು ಪೇಟೆಯವನು, ಇನ್ನೊಬ್ಬ ಡಾಕ್ಟರ್. ಫೀಸ್ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಮೊದಲ ದಿನ 'ಇದೇನು ಎಲ್ಲರೂ ಅಳುತ್ತಾರೆ' ಅಂತ ಎದ್ದು ಬಂದೆ. ನಾಲ್ಕನೇ ಸಲ ನಾನೇ ಅತ್ತೆ.

ಬ್ಯಾಡಗಿ ಅಕ್ಕ

ಅಣ್ಣಾರೆ, ನಿಮ್ಮ ಮನೆಯವರ ಕಡೆಯಿಂದ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ನಿಮ್ಮ ಮುಖ ನೋಡುವುದು ಸಂಶಯಕ್ಕೆ ಅಷ್ಟೇ ಅಲ್ಲ. ಹದಿನೆಂಟು ವರ್ಷ ಆ ಹೊತ್ತಿಗೆ ನೀವು ಮನೆಯಲ್ಲಿ ಇರಲಿಲ್ಲ. ಅವರಿಗೂ ಒಂದು ದಿನಚರಿ ಇತ್ತು, ಧಾರಾವಾಹಿ ಇತ್ತು, ಪಕ್ಕದ ಮನೆಯವರ ಜೊತೆ ಮಾತಿತ್ತು. ಈಗ ಏಳಕ್ಕೇ ಒಬ್ಬ ಗಂಡಸು ಬಂದು ಪಡಸಾಲೆಯಲ್ಲಿ ಸಪ್ಪಗೆ ಕೂತರೆ ಅವರೂ ಏನು ಮಾಡಬೇಕು?

ನಮ್ಮ ಮನೆಯವರು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ದಿನವಿಡೀ ಘಾಟು, ಗಂಟಲು ತೊಳೆಯಲಿಕ್ಕೆ ಬೇಕೇ ಬೇಕು ಅನ್ನುವುದು ಅವರ ನೆಪ. ಬಿಟ್ಟಾಗ ಮೊದಲ ಎರಡು ತಿಂಗಳು ಸಿಹಿ ಸಿಹಿ ಅಂತ ಬೆಲ್ಲದ ಡಬ್ಬಿ ಖಾಲಿ ಮಾಡಿದರು. ಸಿಟ್ಟು ಅಂದ್ರೆ ಕುಡಿಯುವಾಗಿನಕ್ಕಿಂತ ಜಾಸ್ತಿ. ನಾನು ಬಾಯಿ ಮೂಸಿ ನೋಡುತ್ತಿದ್ದೆ, ಅವರು ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದರು.

ಆಗ ಪಿಗ್ಮಿ ಹಚ್ಚಿದೆವು, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ. ಉಡುಪಿ ಕಡೆ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪದ್ಧತಿ ಅದು, ನಮ್ಮ ಕಡೆ ಈಗಲೂ ಏಜೆಂಟರು ಅಂಗಡಿಗೆ ಬಂದೇ ತಗೊಂಡು ಹೋಗುತ್ತಾರೆ. ಕುಡಿಯುವ ದುಡ್ಡು ದಿನಕ್ಕೆ 150 ಇತ್ತು, ಅದಷ್ಟನ್ನೂ ಸಂಜೆ ಅವರ ಕೈಗೆ ಕೊಡುವುದು. ಕಿಸೆ ಖಾಲಿ ಆದಮೇಲೆ ಮನೆ ಕಡೆ ದಾರಿ. ವರ್ಷಕ್ಕೆ 54,750 ಆಯ್ತು, ಮೇಲೆ ಸ್ವಲ್ಪ ಸೇರಿಸಿ ಎಮ್ಮೆ ತಂದರು. ನಾನು ಬೇಡ ಅಂದಿದ್ದೆ, ಸಗಣಿ ಯಾರು ಬಳಿಯಬೇಕು! ಅವರೇ ಬಳಿಯುತ್ತಾರೆ. ಸಂಜೆ ಹಿಂಡುವ ಹೊತ್ತಿಗೆ ಅವರು ಬರದಿದ್ದರೆ ಓಣಿ ಪೂರ್ತಿ ಕೇಳುವ ಹಾಗೆ ಒದರುತ್ತದೆ, ನನ್ನ ಕೈಗೆ ಹಾಲೂ ಇಳಿಸುವುದಿಲ್ಲ. ಮೇಲೆ ಗದಗಿನ ಅಣ್ಣಾರು ಹೇಳಿದರಲ್ಲ, ಹಾರ್ಮೋನಿಯಂ ಕಾಕಾ ಅಂತ, ನಮ್ಮ ಮನೆಯಲ್ಲಿ ಆ ಕೆಲಸ ಎಮ್ಮೆ ಮಾಡುತ್ತಿದೆ.

ರಾತ್ರಿಪಾಳಿ ಸಿಸ್ಟರ್, ಧಾರವಾಡ

ನಡುವೆ ಬಾಯಿ ಹಾಕುತ್ತಿದ್ದೇನೆ. ಇದನ್ನು ಓದಿ ಯಾರಾದರೂ 'ನಾಳೆಯಿಂದ ನಾನೂ ಬಿಡುತ್ತೇನೆ' ಅಂದುಕೊಂಡರೆ ಒಂದು ನಿಮಿಷ ನಿಲ್ಲಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು, ಇದರಲ್ಲಿ ಜೀವ ಹೋದವರೂ ಇದ್ದಾರೆ. ವೈಂಡಿಂಗ್ ಅಣ್ಣನಿಗೆ ನಡುಕ, ಬೆವರಿಗೇ ಮುಗಿಯಿತು, ಪುಣ್ಯ. ಡಾಕ್ಟರ್ ಕೇಳಿ ಬಿಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ನಿಮ್ಮೂರಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಪುಕ್ಕಟೆ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು: ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬಿಡಿಸುವ ಗುಳಿಗೆ ಹಾಕಬೇಡಿ. ಅದರ ಮೇಲೆ ಅವರು ಕುಡಿದರೆ ಬಿಪಿ ಇಳಿದು ಜೀವಕ್ಕೇ ಬರಬಹುದು.

ನಿದ್ದೆ ಸರಿ ಹೋಗಲಿಕ್ಕೂ ತಿಂಗಳುಗಳು ಬೇಕಾಗುತ್ತವೆ. ನಿದ್ದೆ ಬರುತ್ತಿಲ್ಲ ಅಂತ 'ಒಂದೇ ಪೆಗ್ಗು' ಹಾಕಿ ವಾಪಸ್ ಬಂದವರನ್ನು ವಾರ್ಡಿನಲ್ಲಿ ಬಹಳ ನೋಡಿದ್ದೇನೆ.

ವೈಂಡಿಂಗ್‌ವಾಲಾ, ಹುಬ್ಬಳ್ಳಿ (ಆರು ವಾರದ ನಂತರ)

ಬರೆಯುವುದು ತಡವಾಯ್ತು, ಕ್ಷಮಿಸಿ. ಬೇಸಿಗೆ ಶುರು, ಬೋರ್‌ವೆಲ್ ಪಂಪು ಸುಟ್ಟುಕೊಂಡು ಒಂದರ ಹಿಂದೆ ಒಂದು ಬರುತ್ತಿವೆ.

ಎಮ್ಮೆ ಕಟ್ಟಲಿಕ್ಕೆ ಜಾಗ ಇಲ್ಲ, ನನ್ನ ದನಿಗೆ ಭಜನೆ ಮೇಳದವರೇ ಓಡಿ ಹೋಗುತ್ತಾರೆ. ಆದರೆ 'ನೀನು ಬರದಿದ್ದರೆ ಯಾರಿಗಾದರೂ ತೊಂದರೆ ಆಗಬೇಕು' ಅನ್ನುವ ಮಾತು ತಲೆಯಲ್ಲಿ ಕೂತಿತು. ಓಣಿಯಲ್ಲಿ ಇಬ್ಬರು ಐಟಿಐ ಹುಡುಗರಿದ್ದಾರೆ, ಕೆಲಸ ಕಲಿಸಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದರು. ಎರಡು ವರ್ಷ ಯಾಕೆ ಆಗಲ್ಲ ಅಂದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಈಗ ಏಳಕ್ಕೆ ಶಟರ್ ಅರ್ಧ ಇಳಿಸಿ ಒಳಗೇ ಇರುತ್ತೇವೆ. ಸುಟ್ಟ ಕಾಯಿಲ್ ಬಿಚ್ಚುವುದು, ಸ್ಲಾಟಿಗೆ ಪೇಪರ್ ಹಾಕುವುದು, ಹೊಸ ತಂತಿ ಸುತ್ತುವುದು. ಸುತ್ತು ಎಣಿಸುವಾಗ ತಲೆಯಲ್ಲಿ ಬೇರೇನೂ ಇರುವಂತಿಲ್ಲ. ಒಂದು ತಪ್ಪಿದರೆ ಮೊದಲಿನಿಂದ. ನಾನೇ ಮೊದಲ ವಾರ ಮೂರು ಸಲ ತಪ್ಪಿದೆ, ಹುಡುಗರು ನಕ್ಕರು. ಒಬ್ಬ ಆರೂಮುಕ್ಕಾಲಿಗೇ ಬಂದು ಹೊರಗೆ ನಿಂತಿರುತ್ತಾನೆ, ಅವನ ಎದುರಿಗೆ ಆ ಕಡೆ ಹೋಗುವುದು ಹೇಗೆ? ಗಿರ್ಮಿಟ್ ಮೂವರಿಗೂ ನನ್ನದೇ ಖರ್ಚು. ಪಿಗ್ಮಿನೂ ಹಚ್ಚಿದ್ದೇನೆ, ದಿನಕ್ಕೆ ನೂರು.

ಒಂದು ದಿನ ಜಾರುವುದರಲ್ಲಿದ್ದೆ, ಸುಳ್ಳು ಹೇಳುವುದಿಲ್ಲ. ಒಬ್ಬ ಗಿರಾಕಿ ನಾಲ್ಕು ಮಂದಿ ಎದುರು ಬೈದು, ದುಡ್ಡು ಕೊಡದೆ ಹೋದ. ಅವತ್ತು ಸ್ಟೇಷನ್ನಿಗೆ ಹೋಗಿ ಆ ಪ್ಲಾಟ್‌ಫಾರ್ಮ್ ಎರಡು ಸಲ ಅಳೆದೆ. ಐಡಿಯಾ ಕೊಟ್ಟ ತಮ್ಮನಿಗೆ ಒಂದು ಚಹಾ ಬಾಕಿ ಇದೆ.

ಮನೆಯಲ್ಲಿ ಇನ್ನೂ ಮುಖ ನೋಡುತ್ತಾಳೆ. ಆದರೆ ಮೊನ್ನೆ ಧಾರಾವಾಹಿಯಲ್ಲಿ ಯಾರು ಯಾರ ಮಗಳು ಅಂತ ಬಿಡಿಸಿ ಹೇಳಿದಳು. ನನಗೆ ಏನೂ ತಿಳಿಯಲಿಲ್ಲ, ಹೂಂ ಅಂದೆ.

ಭಾನುವಾರ ಮಾತ್ರ ಇನ್ನೂ ಖಾಲಿ, ಮುಂದೆ ರಂಗಪಂಚಮಿ ಬೇರೆ ಇದೆ. ಹುಬ್ಬಳ್ಳಿಯಲ್ಲಿ ಅವತ್ತು ಗೆಳೆಯರು ಮನೆಗೇ ಬಂದು ಎಳೆದುಕೊಂಡು ಹೋಗುತ್ತಾರೆ, ಬಾಗಿಲು ಹಾಕಿಕೊಂಡರೂ ಬಿಡುವುದಿಲ್ಲ.

ಗದಗಿನವ

ಹಾಗಾದರೆ ಅವತ್ತು ಹುಬ್ಬಳ್ಳಿಯಲ್ಲಿ ಇರಬೇಡ. ಬೆಳಿಗ್ಗೆ ಬಣ್ಣ ಶುರುವಾಗುವ ಮೊದಲೇ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಗದಗಿನ ರೈಲು ಹತ್ತು. ವೀರನಾರಾಯಣನ ಗುಡಿ ನೋಡಿಕೊಂಡು ಊಟಕ್ಕೆ ನಮ್ಮ ಮನೆಗೆ ಬನ್ನಿ, ನಂಬರ್ ಮೆಸೇಜಿನಲ್ಲಿ ಕಳಿಸಿದ್ದೇನೆ. ಸಾವಜಿ ಇಲ್ಲ, ಮೊದಲೇ ಹೇಳುತ್ತೇನೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ. ನಮ್ಮ ಮನೆಯಲ್ಲಿ ಎಣ್ಣೆ ಅಂದ್ರೆ ಎಣ್ಣೆಗಾಯಿ ಒಂದೇ. ಹನ್ನೆರಡೂವರೆಗೆ ನೀನು ಕಾಣದಿದ್ದರೆ ಫೋನ್ ಮಾಡುತ್ತೇನೆ.