ಗ್ಯಾಲಿಯಂ ಕಾಯಿಲ್‌ನ ಮೃದು ಬೆರಳು ಬೆಳಿಗ್ಗೆ ಸೆಟೆಯುತ್ತದೆ, ಮಧ್ಯಾಹ್ನ ಹಣ್ಣನ್ನು ಜಾರಿಸುತ್ತದೆ

ಪ್ರಶ್ನೆ (ಮಡಿಕೇರಿ)

ಕಾಫಿ ಹಣ್ಣು ಆರಿಸುವ ಮೇಜಿನ ಮೇಲೆ, ಕೆಲಸದವರ ಕೈಗಳ ಪಕ್ಕದಲ್ಲೇ ಚಲಿಸಬೇಕಾದ ರೋಬಾಟ್ ಬೆರಳೊಂದನ್ನು ಮಾಡುತ್ತಿದ್ದೇನೆ. ತಗುಲಿದರೂ ಯಾರಿಗೂ ಪೆಟ್ಟಾಗಬಾರದೆಂದು ಮೋಟಾರು, ಗೇರು ಬಿಟ್ಟು, ಮೆತ್ತನೆಯ ಸಿಲಿಕೋನ್ ಒಳಗೆ ಸುರುಳಿಯಾಗಿ ಸಣ್ಣ ಕಾಲುವೆ ಬಿಡಿಸಿ ಅದಕ್ಕೆ ಗ್ಯಾಲಿಯಂ-ಇಂಡಿಯಂ ದ್ರವಲೋಹವನ್ನು ತುಂಬಿದ್ದೇನೆ. ಈ ಲೋಹದ ಸುರುಳಿಯೇ ಕಾಯಿಲ್; ಅದರಲ್ಲಿ ಕರೆಂಟ್ ಹರಿದು, ಬೆನ್ನಿನ ಕಡೆಯ ನಿಯೋಡಿಮಿಯಮ್ ಅಯಸ್ಕಾಂತ ಅದನ್ನು ತಳ್ಳಿದಾಗ ಬೆರಳು ಬಾಗುತ್ತದೆ. ಡಿಸೆಂಬರಿನ ಕೆಲವು ಬೆಳಿಗ್ಗೆ ಅದು ಕಡ್ಡಿಯಂತೆ ಸೆಟೆದಿರುತ್ತದೆ, ಅಷ್ಟೇ ಚಳಿಯಿರುವ ಮತ್ತೆ ಕೆಲವು ದಿನ ಏನೂ ತೊಂದರೆಯಿಲ್ಲ. ಮಧ್ಯಾಹ್ನ ಬಾಗುತ್ತಾ ಹೋದಂತೆ ಬಲ ಕುಗ್ಗಿ ಹಣ್ಣು ಜಾರುತ್ತದೆ. ವೋಲ್ಟೇಜ್ ಏರಿಸಿದರೆ ಮುಟ್ಟಲಾಗದಷ್ಟು ಬಿಸಿ. ಬಿಸಿ ಇಳಿಸಲು ಅಲ್ಯೂಮಿನಿಯಂ ತಗಡು ಅಂಟಿಸಬಹುದೇ?

ಉತ್ತರ (ಗೋಣಿಕೊಪ್ಪ)

ತಗಡನ್ನು ದಯವಿಟ್ಟು ಅಂಟಿಸಬೇಡಿ. ಒಂದು ಹನಿ ಸೋರಿದರೂ ಗ್ಯಾಲಿಯಂ ಅಲ್ಯೂಮಿನಿಯಂನ ಹರಳುಗಳ ಸಂದಿಗೆ ನುಗ್ಗಿ, ಗಟ್ಟಿ ತಗಡನ್ನು ಬೆರಳಲ್ಲೇ ಮುರಿಯುವಷ್ಟು ಪೆಡಸಾಗಿಸುತ್ತದೆ. ತಾಮ್ರದ ತೆಳು ಪಟ್ಟಿ ಇದಕ್ಕಿಂತ ಎಷ್ಟೋ ಮೇಲು.

ಬೆಳಗಿನ ಸೆಟೆತಕ್ಕೆ ನಿಮ್ಮೂರಿನ ಚಳಿಯೇ ಕಾರಣವೆಂದು ನನಗನ್ನಿಸುತ್ತದೆ. ತೂಕದಲ್ಲಿ 75 ಪಾಲು ಗ್ಯಾಲಿಯಂ, 25 ಪಾಲು ಇಂಡಿಯಂ ಇರುವ ಮಿಶ್ರಲೋಹ ಸುಮಾರು 15.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲಿ ಉಷ್ಣಾಂಶ ಅದಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಆದರೆ ಈ ಲೋಹ ಕರಗುವ ಬಿಂದುವಿಗಿಂತ ಕೆಳಗೂ ಬಹಳ ಹೊತ್ತು ದ್ರವವಾಗಿಯೇ ಉಳಿಯಬಲ್ಲದು, ಹೆಪ್ಪುಗಟ್ಟಲು ಶುರುವಾದರೆ ಮಾತ್ರ ಉದ್ದಕ್ಕೂ ಗಟ್ಟಿಯಾಗುತ್ತದೆ. ಒಂದು ದಿನ ಸರಿ, ಒಂದು ದಿನ ಸೆಟೆತ ಎಂಬ ನಿಮ್ಮ ಅನುಭವ ಇದಕ್ಕೆ ಹೊಂದುತ್ತದೆ. ಸೆಟೆದ ಬೆರಳನ್ನು ಬಗ್ಗಿಸದೆ ಅಂಗೈಯಲ್ಲಿ ಮುಚ್ಚಿ ಹಿಡಿದು ನೋಡಿ; ಮೆತ್ತಗಾದರೆ ಅನುಮಾನವೇ ಬೇಡ.

ಮಧ್ಯಾಹ್ನದ ತೊಂದರೆಯಲ್ಲಿ ಎರಡು ಕಾರಣಗಳು ಸೇರಿಕೊಂಡಿವೆ. ಬೆರಳು ಬಾಗಿ ಕಾಲುವೆ ಉದ್ದಕ್ಕೆ ಹಿಗ್ಗಿದಾಗ ಲೋಹದ ಗಾತ್ರ ಬದಲಾಗದೆ ಉದ್ದ ಹೆಚ್ಚಿ ಅಡ್ಡಕೊಯ್ತ ಕಿರಿದಾಗುತ್ತದೆ. ಉದ್ದ ಎರಡು ಪಟ್ಟಾದರೆ ರೋಧ, ಅಂದರೆ ಕರೆಂಟ್ ಹರಿವಿಗೆ ಬರುವ ಅಡ್ಡಿ, ನಾಲ್ಕು ಪಟ್ಟು. ವೋಲ್ಟೇಜ್ ಸ್ಥಿರವಾಗಿಟ್ಟರೆ, ಬಲ ಬೇಕಾದ ಹೊತ್ತಿಗೇ ಕರೆಂಟ್ ಇಳಿಯುತ್ತದೆ. ಆದ್ದರಿಂದ ಪವರ್ ಸಪ್ಲೈಯನ್ನು ಸ್ಥಿರ ಕರೆಂಟ್‌ಗೆ ಹಾಕಿ. ಆದರೂ ದೊಡ್ಡ ಕಾರಣ ಇನ್ನೊಂದೇ: ಬೆರಳು ಬಾಗಿದಷ್ಟೂ ಕಾಯಿಲ್ ಅಯಸ್ಕಾಂತದಿಂದ ದೂರ ಸರಿಯುತ್ತದೆ, ಕಾಂತಕ್ಷೇತ್ರ ದೂರದೊಂದಿಗೆ ಬಹಳ ಬೇಗ ಕ್ಷೀಣಿಸುತ್ತದೆ. ಅದನ್ನು ಕರೆಂಟ್‌ನಿಂದ ತುಂಬಿಸಲು ಹೋದರೆ ಬಲ ಎರಡು ಪಟ್ಟಾಗುವಲ್ಲಿ ಶಾಖ ನಾಲ್ಕು ಪಟ್ಟಾಗುತ್ತದೆ. ಈ ಲೋಹದ ರೋಧಶೀಲತೆ ತಾಮ್ರದ್ದಕ್ಕಿಂತ ಸುಮಾರು 17 ಪಟ್ಟು. ಸಿಲಿಕೋನ್ ಶಾಖವನ್ನು ಹೊರಬಿಡುವುದೂ ಕಡಿಮೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ತನ್ನ ಕಾಂತತ್ವವನ್ನೇ ಕಳೆದುಕೊಳ್ಳಲಾರಂಭಿಸುತ್ತದೆ. ಹಣ್ಣಿನ ಆಚೆ ಬದಿಯಲ್ಲಿ ಎರಡನೆಯ ಅಯಸ್ಕಾಂತವನ್ನು, ಎರಡರ ಒಂದೇ ಧ್ರುವಗಳು ಎದುರುಬದುರಾಗುವಂತೆ, ಭದ್ರವಾಗಿ ಕೂರಿಸಿ. ಒಂದು ತಳ್ಳುವಾಗ ಇನ್ನೊಂದು ಸೆಳೆಯುತ್ತದೆ, ಹಿಡಿತ ಮುಚ್ಚಿದಂತೆ ಬಲ ಹೆಚ್ಚುತ್ತದೆ.

ಮರುಪ್ರಶ್ನೆ (ಮಡಿಕೇರಿ)

ಅಂಗೈಯ ಬಿಸಿಗೆ ಬೆರಳು ಮೆತ್ತಗಾಯಿತು. ಪ್ರತಿದಿನ ಕರೆಂಟ್ ಹರಿಸಿಯೇ ಕರಗಿಸಬಹುದೇ?

ಉತ್ತರ (ಗೋಣಿಕೊಪ್ಪ)

ಧಾರಾಳವಾಗಿ ಕರಗಿಸಬಹುದು; ಗಟ್ಟಿಯಾದ ಲೋಹದಲ್ಲೂ ಕರೆಂಟ್ ಹರಿಯುತ್ತದೆ. ಕಡಿಮೆ ಕರೆಂಟ್ ಕೊಟ್ಟು ಮೇಲ್ಮೈ 20 ಡಿಗ್ರಿ ದಾಟಿ, ಇಡೀ ಬೆರಳು ಮೆತ್ತಗಾಗುವವರೆಗೆ ಕಾಯಿರಿ. ಅಷ್ಟು ಸಣ್ಣ ಕರೆಂಟ್‌ಗೂ ಕಾಯಿಲ್ ತುಸು ಎಳೆಯುತ್ತದೆ, ಅರ್ಧ ಕರಗಿದ ಬೆರಳು ಬಾಗಿದರೆ ಒಳಗಿನ ಗಟ್ಟಿ ತುಣುಕು ಕಾಲುವೆಯ ಗೋಡೆಯನ್ನು ಸೀಳೀತು. ಹಾಗಾಗಿ ಆವರೆಗೆ ಬೆರಳನ್ನು ನೇರವಾಗಿ ಕಟ್ಟಿಡಿ.