ಟೆರೇಸ್ ಮೇಲಿನ ಮಾಡಿಗೆ ಹತ್ತುವವರಿಗೆ 6 ಅಡಿಯ ಸೇಫ್ಟಿ ಹಗ್ಗ ಸಾಕೇ?

ಪೆರ್ಲದ ಅಡಿಕೆ ತೋಟ:
ಟೆರೇಸ್ ಮೇಲೆ ಅಡಿಕೆ ಒಣಗಿಸುವ ಮಾಡಿಗೆ ಹಳೇ ಸಿಮೆಂಟ್ ಶೀಟು ಇದೆ. ಮಳೆಗೆ ಮೊದಲು ತೆಗೆದು ತಗಡು ಹಾಕಿಸಬೇಕು. ಮಾಡಿನ ಅಂಚು ಟೆರೇಸಿನಿಂದ 9 ಅಡಿ, ಅಂಗಳದಿಂದ 20 ಅಡಿ ಎತ್ತರ. ಫುಲ್ ಬಾಡಿ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿ), ಶಾಕ್ ಅಬ್ಸಾರ್ಬರ್ (ಬಿದ್ದಾಗ ಎಳೆತ ತಗ್ಗಿಸುವ ಮಡಚಿದ ಪಟ್ಟಿ) ಇರುವ 6 ಅಡಿ ಹಗ್ಗ ತಂದಾಗಿದೆ. ಕೊಕ್ಕೆಯನ್ನು ಕಾಲಬುಡದ ಅಡ್ಡ ಪೈಪಿಗೆ ಸಿಕ್ಕಿಸಿದರೆ ಆಯಿತಲ್ಲ?

ಟವರ್ ಕೆಲಸ:
ಆಗುವುದಿಲ್ಲ ಮಾರಾಯ್ರೆ. ಲೆಕ್ಕ ಹಾಕಿ ನೋಡಿ. ಹಗ್ಗ 1.8 ಮೀಟರ್. ಬಿದ್ದ ಎಳೆತಕ್ಕೆ ಅಬ್ಸಾರ್ಬರ್ ಹರಿದು ಬಿಚ್ಚಿಕೊಳ್ಳುವಾಗ ಮತ್ತೆ 1.75 ಮೀಟರ್‌ವರೆಗೆ ಉದ್ದವಾಗುತ್ತದೆ. ಹಗ್ಗ ಸಿಕ್ಕಿಸುವ ಹಾರ್ನೆಸ್ಸಿನ ಬೆನ್ನಿನ ರಿಂಗಿನಿಂದ ಪಾದಕ್ಕೆ 1.5, ಪಾದ ನೆಲ ಮುಟ್ಟದಂತೆ ಹೆಚ್ಚುವರಿ ಉಳಿಸಿಕೊಳ್ಳಬೇಕಾದ್ದು 1. ಒಟ್ಟು 6 ಮೀಟರ್, ಅಂದರೆ ಕೊಕ್ಕೆ ಹಾಕಿದಲ್ಲಿಂದ ಕೆಳಗೆ 20 ಅಡಿ ಖಾಲಿ ಬೇಕು. ಟೆರೇಸಿನ ಕಡೆ ನಿಮಗಿರುವುದು 9. ಹಗ್ಗ ಬಿಗಿಯಾಗುವ ಮೊದಲೇ ಮನುಷ್ಯ ನೆಲ ಮುಟ್ಟಿರುತ್ತಾನೆ. ಅಂಗಳದ ಕಡೆ ಲೆಕ್ಕ ಸರಿಸುಮಾರು ಹೊಂದಿದರೂ ಬಿದ್ದವ ಜೋಲಿ ಹೊಡೆದು ಗೋಡೆಗೆ ಬಡಿಯುತ್ತಾನೆ.

ನಿಮಗೆ ಬೇಕಾದ್ದು ಅಂಚಿಗೇ ಹೋಗಲು ಬಿಡದ ಹಗ್ಗ. ಬೆನ್ನಿನ ರಿಂಗು ಅಂಚಿಗೆ 2 ಅಡಿ ಇರುವಾಗಲೇ ತಡೆಯಬೇಕು, ಅಷ್ಟೇ ಉದ್ದ ಬಿಡಿ. ಒಂದು ಮೋಸ ಇದೆ: ಎದುರಿನ ಅಂಚಿಗೆ ಅಳೆದ ಹಗ್ಗ ಪಕ್ಕದ ಅಂಚನ್ನು ದಾಟಿಸಿಬಿಡಬಹುದು. ಜಾಗ ಬದಲಾದಾಗಲೆಲ್ಲ ಹೊಸದಾಗಿ ಅಳೆಯಿರಿ. ಕಟ್ಟುವುದು ಕಾಂಕ್ರೀಟ್ ಕಂಬಕ್ಕೆ. ಟ್ಯಾಂಕಿನ ಪೈಪು, ಟೆರೇಸಿನ ರೇಲಿಂಗ್ ಯಾವುದೂ ಬೇಡ. ತಗಡಿನ ಅಂಚಿಗೆ ಹಗ್ಗ ತಾಗುವಲ್ಲಿ ಸೀಳಿದ ಹೋಸ್ ಪೈಪ್ ತೊಡಿಸಿ. ಹಗ್ಗ ಗಿಡ್ಡ ಮಾಡಲು ಗಂಟು ಹಾಕಬೇಡಿ, ಗಂಟು ಬಿದ್ದಲ್ಲಿ ಬಲ ಅರ್ಧಕ್ಕೆ ಇಳಿಯಬಹುದು.

ಶೀಟ್ ಮೇಸ್ತ್ರಿ:
ಮೇಲಿನವರ ಮಾತು ಅಂಚಿಗೆ ಸರಿ. ಆದರೆ ಹಳೇ ಸಿಮೆಂಟ್ ಶೀಟಿನಲ್ಲಿ ಜನ ಹೆಚ್ಚಾಗಿ ಬೀಳುವುದು ನಡುವಿನಲ್ಲಿ, ಶೀಟು ಮುರಿದು. ಅದಕ್ಕೆ ಈ ಹಗ್ಗ ಏನೂ ಮಾಡುವುದಿಲ್ಲ. ಹತ್ತಲೇಬೇಡಿ. ಟೆರೇಸಿನಲ್ಲಿ ಹಲಗೆಯ ಅಟ್ಟ ಕಟ್ಟಿ, ಶೀಟು ಹಿಡಿದಿರುವ ಜೆ ಹುಕ್ಕನ್ನು ಕೆಳಗಿನಿಂದಲೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಶೀಟು ಇಡಿಯಾಗಿ ಇಳಿಸಿ. ನೀರು ಚಿಮುಕಿಸಿಕೊಳ್ಳಿ; ಹಳೆಯದರಲ್ಲಿ ಆಸ್ಬೆಸ್ಟಸ್ ಇರುತ್ತದೆ, ಧೂಳು ಎದೆಗೆ ಹೋಗಬಾರದು.

ಪೆರ್ಲದ ಅಡಿಕೆ ತೋಟ:
ಅಟ್ಟವೇ ಸರಿ ಅನಿಸುತ್ತದೆ. ಅಡಿಕೆ ಮರಕ್ಕೆ ಮದ್ದು ಬಿಡುವವರು ಇದೇ ಹಾರ್ನೆಸ್ ಹಾಕಿಕೊಳ್ಳಬಹುದೇ?

ಟವರ್ ಕೆಲಸ:
ಬೆನ್ನಿನ ರಿಂಗು ಮಾತ್ರ ಇದ್ದರೆ ಮರಕ್ಕೆ ಉಪಯೋಗವಿಲ್ಲ. ಸೊಂಟದ ಎರಡೂ ಬದಿಗೆ ರಿಂಗು ಇದ್ದು ಕಾಂಡ ಬಳಸುವ ಪಟ್ಟಿ ಬೇಕು. ಕೊಳ್ಳುವಾಗ ಐಎಸ್ 3521 (ಹಾರ್ನೆಸ್ಸಿನ ಭಾರತೀಯ ಮಾನಕ) ಗುರುತು ನೋಡಿ. ತೊಡೆಯ ಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಸಿಡಿದರೆ ಅದೇ ದಿನ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಸುಣ್ಣ ಪಾಲಿಯೆಸ್ಟರ್ ಪಟ್ಟಿಗೆ ಒಳ್ಳೆಯದಲ್ಲ. ಹೊಲಿಗೆ ಬಿಟ್ಟದ್ದು, ಒಮ್ಮೆ ಬಿದ್ದವನನ್ನು ಹಿಡಿದದ್ದು ಎರಡನ್ನೂ ಕತ್ತರಿಸಿ ಬಿಸಾಡಿ. ಇಡಿಯಾಗಿ ಬಿಟ್ಟರೆ ಯಾರಾದರೂ ಹಾಕಿಕೊಳ್ಳುತ್ತಾರೆ.